ಅಕೌಂಟ್ಸ್ ಹೈಯರ್ ಪರೀಕ್ಷೆ: ಕೋಡ್ ಪುಸ್ತಕವನ್ನು ನಿಮ್ಮ ಮೇಜಿನ ಬಿಲ್ಲಿನಿಂದಲೇ ಓದುವ ಕ್ರಮ

ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳ ಯಾವ ಸರ್ಕಾರಿ ಕಚೇರಿಗೆ ಹೋದರೂ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಹದಿನೈದು ವರ್ಷ ಬಿಲ್ ಮಾಡಿದವರು ಅಕೌಂಟ್ಸ್ ಹೈಯರ್ ಎಂಬ, ಸರ್ಕಾರಿ ಲೆಕ್ಕದ ನಿಯಮಗಳ ಇಲಾಖಾ ಪರೀಕ್ಷೆಯನ್ನು ಇನ್ನೂ ದಾಟಿಲ್ಲ, ಮೊನ್ನೆ ಮೊನ್ನೆ ಸೇರಿದ ಹುಡುಗಿ ಪಾಸು ಮಾಡಿಕೊಂಡಳು ಎಂಬ ಮಾತು ಅದು. ಬುದ್ಧಿಯ ಹೆಚ್ಚುಕಡಿಮೆ ಇದಕ್ಕೆ ಕಾರಣವಲ್ಲ. ಹಳಬರು ತಮ್ಮ ಕಚೇರಿಯಲ್ಲಿ ಹೇಗೆ ನಡೆದು ಬಂದಿದೆಯೋ ಹಾಗೆ ಉತ್ತರ ಗುರುತಿಸುತ್ತಾರೆ. ಪರೀಕ್ಷೆ ಕೇಳುವುದು ಕೋಡ್‌ನಲ್ಲಿ, ಅಂದರೆ ಸರ್ಕಾರಿ ಹಣಕಾಸಿನ ಸಂಹಿತೆಯಲ್ಲಿ, ಏನಿದೆ ಎಂದು. ಇವೆರಡರ ನಡುವೆ ಅಂತರ ಎಲ್ಲೆಲ್ಲಿದೆಯೋ ಅಲ್ಲಲ್ಲಿ ಅಂಕ ಹೋಗುತ್ತದೆ.

ಹಾಗೆಂದು ಅನುಭವ ದಂಡವೇನಲ್ಲ. ಪ್ರತಿದಿನ ಕೈಗೆ ಬರುವ ಬಿಲ್ಲು, ಚಲನ್, ನಗದು ಪುಸ್ತಕ ಇವುಗಳ ಹಿಂದಿನ ನಿಯಮವನ್ನು ಹುಡುಕುತ್ತಾ ಹೋದರೆ ಅರ್ಧ ಪಠ್ಯಕ್ರಮ ಕಚೇರಿಯಲ್ಲೇ ಮುಗಿಯುತ್ತದೆ. ಈ ಬರಹ ಹಾಗೆ ಓದುವವರಿಗಾಗಿ. ಗೈಡ್ ಪುಸ್ತಕದ ಪ್ರಶ್ನೋತ್ತರ ಉರು ಹೊಡೆದು ದಾಟಬೇಕೆನ್ನುವವರಿಗೆ ಇದರಿಂದ ಹೆಚ್ಚು ಉಪಯೋಗವಾಗದು.

ಮೊದಲು: ನೀವು ಬರೆಯಬೇಕಾದ ಪರೀಕ್ಷೆ ಯಾವುದು?

ಈ ಪರೀಕ್ಷೆಗಳಿಗೆ ಬುನಾದಿ ಕರ್ನಾಟಕ ಸಿವಿಲ್ ಸೇವೆಗಳು (ಸೇವಾ ಮತ್ತು ಕನ್ನಡ ಭಾಷಾ ಪರೀಕ್ಷೆಗಳು) ನಿಯಮಗಳು, 1974. ಇಲಾಖಾ ಪರೀಕ್ಷೆ ಎಂದು ನಾವೆಲ್ಲ ಕರೆಯುವ ಇವನ್ನು ಕರ್ನಾಟಕ ಲೋಕಸೇವಾ ಆಯೋಗ ನಡೆಸುತ್ತದೆ. ಯಾವ ಹುದ್ದೆಯವರಿಗೆ ಯಾವ ವಿಷಯ ಎಂಬುದು ಆ ನಿಯಮಗಳ ಅನುಸೂಚಿಯಲ್ಲೂ ನಿಮ್ಮ ಇಲಾಖೆಯ ವೃಂದ ಮತ್ತು ನೇಮಕಾತಿ ನಿಯಮಗಳಲ್ಲೂ ಇರುತ್ತದೆ. ಕೆಲವರಿಗೆ ಅಕೌಂಟ್ಸ್ ಲೋಯರ್ ಸಾಕು. ಕೆಲವರಿಗೆ ಹೈಯರ್ ಜೊತೆಗೆ ಜನರಲ್ ಲಾ ಕೂಡ ಬೇಕು. ಕಂದಾಯದವರಿಗೆ ಬೇರೆಯೇ ಪತ್ರಿಕೆಗಳಿವೆ. ಪಕ್ಕದ ಟೇಬಲಿನವರನ್ನು ಕೇಳಿ ಅರ್ಜಿ ಹಾಕಬೇಡಿ. ಅವರ ಹುದ್ದೆ ಬೇರೆ, ನೇಮಕವಾದ ವರ್ಷ ಬೇರೆ. ಸಿಬ್ಬಂದಿ ಶಾಖೆಯಲ್ಲಿ ನಿಮ್ಮ ನೇಮಕಾತಿ ಆದೇಶವನ್ನೂ ಸೇವಾ ಪುಸ್ತಕವನ್ನೂ ತೆಗೆಸಿ, ಪ್ರೊಬೇಷನ್ ಅವಧಿಯಲ್ಲಿ ಏನೇನು ಪಾಸಾಗಬೇಕೆಂದು ಬರೆದಿದೆಯೋ ಅದನ್ನೇ ಓದಿಕೊಳ್ಳಿ.

ಗಡಿ ಭಾಗದವರಿಗೆ ಒಂದು ಮಾತು. ರಾಯಚೂರು, ಸಿರುಗುಪ್ಪ, ಬಳ್ಳಾರಿ ಕಡೆ ತೆಲುಗು ಅಥವಾ ಉರ್ದು ಮಾಧ್ಯಮದಲ್ಲಿ ಓದಿ ನೌಕರಿಗೆ ಬಂದವರು ಸಾಕಷ್ಟಿದ್ದಾರೆ. ಕನ್ನಡ ಭಾಷಾ ಪರೀಕ್ಷೆ ನಿಮಗೆ ಅನ್ವಯಿಸುತ್ತದೆಯೇ ಎಂಬುದನ್ನು ಮೊದಲೇ ನೋಡಿಕೊಳ್ಳಿ. ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯ ದಾರಿ ಇನ್ನೊಂದು. ಅದು 2012ರ ನಿಯಮಗಳ ಅಡಿಯಲ್ಲಿದೆ, ಲೋಕಸೇವಾ ಆಯೋಗಕ್ಕೂ ಅದಕ್ಕೂ ಸಂಬಂಧವಿಲ್ಲ.

ವರ್ಷಕ್ಕೆ ಎರಡು ಅಧಿವೇಶನ ಎಂಬ ಲೆಕ್ಕವಿದ್ದರೂ ದಿನಾಂಕಗಳು ಹಿಂದೆಮುಂದೆ ಆಗುತ್ತಲೇ ಇರುತ್ತವೆ. ಅಧಿಸೂಚನೆ ಬಂದಮೇಲೆ ಓದು ಶುರು ಮಾಡುವವರಿಗೆ ಸಮಯ ಸಾಲುವುದಿಲ್ಲ. ಅಧಿಸೂಚನೆ ಬಂದ ದಿನ ಅದರಲ್ಲಿ ಪತ್ರಿಕೆಯ ಸ್ವರೂಪ, ಅವಧಿ, ಕೇಂದ್ರ, ಪುಸ್ತಕ ಒಳಗೆ ಬಿಡುತ್ತಾರೋ ಇಲ್ಲವೋ ಎಂಬ ಷರತ್ತು ಇವಿಷ್ಟನ್ನು ಗೆರೆ ಎಳೆದು ಓದಿ. ಹೋದ ಸಲ ಹೇಗಿತ್ತು ಎಂಬುದರ ಮೇಲೆ ಈ ಸಲದ ಲೆಕ್ಕ ಹಾಕಬೇಡಿ.

ಪುಸ್ತಕಗಳು

ಹೈಯರ್‌ಗೆ ಬೇಕಾಗುವ ಮುಖ್ಯ ಪುಸ್ತಕಗಳು ಇವು: ಕರ್ನಾಟಕ ಆರ್ಥಿಕ ಸಂಹಿತೆ 1958 (ಎಲ್ಲರ ಬಾಯಲ್ಲಿ ಕೆಎಫ್‌ಸಿ), ಕರ್ನಾಟಕ ಖಜಾನೆ ಸಂಹಿತೆ 1958 (ಕೆಟಿಸಿ), ಸಾದಿಲ್ವಾರು ವೆಚ್ಚ ಕೈಪಿಡಿ 1958 (ಸಾದಿಲ್ವಾರು ಎಂದರೆ ಕಚೇರಿ ನಡೆಸಲು ಬೇಕಾಗುವ ಬಿಡಿ ಖರ್ಚು), ಆಯವ್ಯಯ ಕೈಪಿಡಿ, ಕರ್ನಾಟಕ ಸಿವಿಲ್ ಸೇವಾ ನಿಯಮಗಳು 1958 (ಕೆಸಿಎಸ್‌ಆರ್). ಇವುಗಳ ಜೊತೆ ಸರ್ಕಾರಿ ಖರೀದಿ, ಟೆಂಡರುಗಳ ಪಾರದರ್ಶಕತೆ ಅಧಿನಿಯಮ 1999, ಅಂದರೆ ಕೆಟಿಪಿಪಿ. ಸಂವಿಧಾನದ ಹಣಕಾಸಿನ ವಿಧಿಗಳಿಗೆ ಯಾವ ಪ್ರತಿಯಾದರೂ ನಡೆಯುತ್ತದೆ. ಪಠ್ಯಕ್ರಮದ ಪ್ರತಿಯನ್ನು ಮುಂದಿಟ್ಟುಕೊಂಡು ಯಾವ ಪತ್ರಿಕೆಗೆ ಯಾವ ಪುಸ್ತಕ ಎಂದು ಗುರುತು ಹಾಕಿ.

ಮಾರುಕಟ್ಟೆಯಲ್ಲೂ ಯೂಟ್ಯೂಬಿನಲ್ಲೂ ಸಿಗುವ ‘ಸರ್ಕಾರಿ ಲೆಕ್ಕ’ದ ಪಾಠಗಳಲ್ಲಿ ಬಹುಪಾಲು ಕೇಂದ್ರ ಸರ್ಕಾರದ ಜನರಲ್ ಫೈನಾನ್ಶಿಯಲ್ ರೂಲ್ಸ್ 2017ರ ಮೇಲೆ ನಿಂತಿವೆ. ತತ್ವ ಒಂದೇ ಆದರೂ ನಿಯಮದ ಸಂಖ್ಯೆ, ಮೊತ್ತದ ಮಿತಿ, ನಮೂನೆ ಎಲ್ಲ ಬೇರೆ. ಕರ್ನಾಟಕದ ನೌಕರನಿಗೆ ಕೆಎಫ್‌ಸಿಯೇ ಪ್ರಮಾಣ. ಕೇಂದ್ರದ ಪಾಠ ಕೇಳಿ ಇಲ್ಲಿನ ಪರೀಕ್ಷೆ ಬರೆದರೆ, ನಾಲ್ಕು ಆಯ್ಕೆಗಳಲ್ಲಿ ತಪ್ಪಾದದ್ದೇ ಹೆಚ್ಚು ಪರಿಚಿತವಾಗಿ ಕಾಣುತ್ತದೆ.

ಆರ್ಥಿಕ ಇಲಾಖೆಯ ಜಾಲತಾಣದಲ್ಲಿ ಸಂಹಿತೆಗಳ ಪ್ರತಿಗಳಿವೆ. ಖರೀದಿಸುವುದಾದರೆ ಯಾವ ವರ್ಷದವರೆಗಿನ ತಿದ್ದುಪಡಿ ಸೇರಿದೆ ಎಂದು ಮೊದಲ ಪುಟ ನೋಡಿ. ಹಳೆಯ ಪ್ರತಿಯೇ ಗತಿಯಾದರೆ ತಿದ್ದುಪಡಿ ಆದೇಶಗಳನ್ನು ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದುಕೊಳ್ಳಿ. ಮೊತ್ತದ ಮಿತಿಗಳಂತೂ, ಅದರಲ್ಲೂ ಆರ್ಥಿಕ ಅಧಿಕಾರ ಪ್ರತ್ಯಾಯೋಜನೆ (ಯಾವ ಅಧಿಕಾರಿ ಎಷ್ಟು ಮೊತ್ತ ಮಂಜೂರು ಮಾಡಬಹುದೆಂಬ ಹಂಚಿಕೆ) ಮತ್ತು ಕೆಟಿಪಿಪಿ ವಿನಾಯಿತಿ ಮಿತಿಗಳು, ಹಳೆಯ ಪುಸ್ತಕದಲ್ಲಿದ್ದಂತೆ ಉಳಿದಿರುವುದಿಲ್ಲ.

ಎಲುಬಿನ ಗೂಡು: ಮೂರು ಭಾಗ, 15 ಅಂಕಿ

ಓದು ಇಲ್ಲಿಂದ ಶುರುವಾಗಲಿ. ಸರ್ಕಾರದ ಹಣವೆಲ್ಲ ಮೂರು ಕಡೆ ಇರುತ್ತದೆ. ಸಂವಿಧಾನದ 266(1)ನೇ ವಿಧಿಯ ಸಂಚಿತ ನಿಧಿ, 267ನೇ ವಿಧಿಯ ಸಾದಿಲ್ವಾರು ನಿಧಿ (ಅನಿರೀಕ್ಷಿತ ಖರ್ಚಿಗೆ ಇಟ್ಟದ್ದು), 266(2)ನೇ ವಿಧಿಯ ಸಾರ್ವಜನಿಕ ಲೆಕ್ಕ. ತೆರಿಗೆ, ಶುಲ್ಕ, ರಾಯಧನ, ಸರ್ಕಾರ ಎತ್ತಿದ ಸಾಲ ಎಲ್ಲವೂ ಸಂಚಿತ ನಿಧಿಗೆ. ಅಲ್ಲಿಂದ ಹಣ ತೆಗೆಯಬೇಕಾದರೆ ವಿಧಾನಮಂಡಲದ ಅಂಗೀಕಾರ ಬೇಕು. ಸಾರ್ವಜನಿಕ ಲೆಕ್ಕದಲ್ಲಿ ಇರುವುದು ಸರ್ಕಾರದ ಸ್ವಂತ ಹಣವಲ್ಲ, ಇನ್ನೊಬ್ಬರಿಗೆ ಹಿಂದಿರುಗಿಸಬೇಕಾದದ್ದು. ನಿಮ್ಮ ಜಿಪಿಎಫ್, ಕೆಜಿಐಡಿ (ಸರ್ಕಾರಿ ನೌಕರರ ವಿಮೆ) ಕಂತು, ಟೆಂಡರಿಗೆ ಗುತ್ತಿಗೆದಾರರು ಕಟ್ಟಿದ ಭದ್ರತಾ ಠೇವಣಿ ಅಂದರೆ ಇಎಂಡಿ ಇವೆಲ್ಲ ಅಲ್ಲಿಗೆ ಹೋಗುತ್ತವೆ. ಟೆಂಡರ್ ಕರೆದಾಗ ಬಂದ ಇಎಂಡಿ ಸರ್ಕಾರದ ಆದಾಯವೇ ಎಂಬ ಪ್ರಶ್ನೆಗೆ ‘ಹೌದು’ ಎನ್ನುವವರು ಇನ್ನೂ ಇದ್ದಾರೆ. ಅದರ ಲೆಕ್ಕಶೀರ್ಷಿಕೆ, ಅಂದರೆ ಜಮೆ ಖರ್ಚುಗಳನ್ನು ವಿಂಗಡಿಸುವ ಸಂಖ್ಯೆ, 8443, ಸಿವಿಲ್ ಠೇವಣಿ.

ಬಳ್ಳಾರಿಯವರಿಗೆ ಈ ಪಾಠಕ್ಕೆ ಒಳ್ಳೆಯ ಉದಾಹರಣೆ ಮನೆ ಬಾಗಿಲಲ್ಲೇ ಇದೆ. ಸಂಡೂರಿನ ಗಣಿಯಿಂದ ಅದಿರು ಎತ್ತಿದವರು ಕಟ್ಟುವ ರಾಯಧನ 0853ನೇ ಶೀರ್ಷಿಕೆಯಡಿ ರಾಜ್ಯದ ಸಂಚಿತ ನಿಧಿಗೆ ಜಮೆಯಾಗುತ್ತದೆ. ಅದೇ ಗಣಿಯವರು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕೊಡುವ ವಂತಿಗೆಯ ದಾರಿ ಬೇರೆ. 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಬಂದ ಈ ಪ್ರತಿಷ್ಠಾನ ಒಂದು ಟ್ರಸ್ಟ್. 2015ರ ಜನವರಿ 12ಕ್ಕಿಂತ ಹಿಂದಿನ ಗುತ್ತಿಗೆಗಳಿಗೆ ರಾಯಧನದ ಶೇ. 30, ಹರಾಜಿನಲ್ಲಿ ಪಡೆದವಕ್ಕೆ ಶೇ. 10 ಇದರ ವಂತಿಗೆ. ಒಂದೇ ಲಾರಿ ಅದಿರಿನಿಂದ ಬಂದ ಎರಡು ಮೊತ್ತ ಎರಡು ಬೇರೆ ಕಡೆ ಹೋಗುವುದನ್ನು ಒಮ್ಮೆ ಅರ್ಥ ಮಾಡಿಕೊಂಡರೆ ಸಂಚಿತ ನಿಧಿ ಎಂದರೆ ಏನು ಎಂಬುದನ್ನು ಯಾರೂ ಹೇಳಿಕೊಡಬೇಕಿಲ್ಲ.

ಮುಂದೆ ಲೆಕ್ಕಶೀರ್ಷಿಕೆ. ಕರ್ನಾಟಕದಲ್ಲಿ ಇದು 15 ಅಂಕಿಯದು. ಪ್ರಧಾನ ಶೀರ್ಷಿಕೆ 4, ಉಪ ಪ್ರಧಾನ 2, ಕಿರು ಶೀರ್ಷಿಕೆ 3, ಗುಂಪು 1, ಉಪ ಶೀರ್ಷಿಕೆ 2, ಕೊನೆಯಲ್ಲಿ ಉದ್ದೇಶ ಶೀರ್ಷಿಕೆ 3. ನಿಮ್ಮದೇ ವೇತನ ಬಿಲ್ಲಿನ ಮೇಲೆ ಬರೆದಿರುವುದನ್ನು ಆರು ತುಂಡು ಮಾಡಿ ಕಾಗದದ ಮೇಲೆ ಬರೆಯಿರಿ. ಪ್ರಧಾನ ಶೀರ್ಷಿಕೆಯ ಮೊದಲ ಅಂಕಿಯೇ ಬಹಳಷ್ಟು ಹೇಳಿಬಿಡುತ್ತದೆ: 0 ಅಥವಾ 1 ರಾಜಸ್ವ ಸ್ವೀಕೃತಿ, 2 ಅಥವಾ 3 ರಾಜಸ್ವ ವೆಚ್ಚ, 4 ಅಥವಾ 5 ಬಂಡವಾಳ ವೆಚ್ಚ, 6 ಅಥವಾ 7 ಸಾಲ ಮತ್ತು ಮುಂಗಡ, 8 ಬಂದರೆ ಸಾದಿಲ್ವಾರು ನಿಧಿ ಅಥವಾ ಸಾರ್ವಜನಿಕ ಲೆಕ್ಕ. ಬಹುತೇಕ ಶೀರ್ಷಿಕೆಗಳಲ್ಲಿ 2000 ಕೂಡಿಸುತ್ತಾ ಹೋದರೆ ಸರಪಳಿ ಸಿಗುತ್ತದೆ. ಆರೋಗ್ಯದ್ದು 0210 ಆದಾಯ, 2210 ರಾಜಸ್ವ ವೆಚ್ಚ, 4210 ಬಂಡವಾಳ, 6210 ಸಾಲ. ಭಾರಿ ನೀರಾವರಿಗೆ 0700, 2700, 4700, 6700. ನಾಲೆಯ ಹೂಳು ತೆಗೆದು ದುರಸ್ತಿ ಮಾಡಿದರೆ ಎಲ್ಲಿಗೆ, ಹೊಸ ವಿತರಣಾ ನಾಲೆ ಕಟ್ಟಿದರೆ ಎಲ್ಲಿಗೆ ಎಂದು ಗಂಗಾವತಿ, ಸಿಂಧನೂರು ಕಡೆಯ ನೀರಾವರಿ ಕಚೇರಿಯವರಿಗೆ ಕೇಳಿದರೆ ಮರುಕ್ಷಣ ಉತ್ತರ ಬರಬೇಕು. ಎಲ್ಲ ಶೀರ್ಷಿಕೆಗಳೂ ಈ ಸರಪಳಿಗೆ ಬೀಳುವುದಿಲ್ಲ. 2049 ಬಡ್ಡಿ ಪಾವತಿ, 2071 ಪಿಂಚಣಿಯಂಥವನ್ನು ಬಿಡಿಬಿಡಿಯಾಗಿಯೇ ನೆನಪಿಡಬೇಕು.

ಉದ್ದೇಶ ಶೀರ್ಷಿಕೆಗಳಲ್ಲಿ 002 ಅಧಿಕಾರಿಗಳ ವೇತನ, 003 ಸಿಬ್ಬಂದಿ ವೇತನ, 011 ತುಟ್ಟಿಭತ್ಯೆ, 041 ಪ್ರಯಾಣ ವೆಚ್ಚ, 051 ಸಾಮಾನ್ಯ ವೆಚ್ಚ, 059 ಇತರ ವೆಚ್ಚ, 139 ಪ್ರಧಾನ ಕಾಮಗಾರಿ, 422 ಮತ್ತು 423 ಪರಿಶಿಷ್ಟ ಜಾತಿ ಹಾಗೂ ಪಂಗಡಗಳ ಉಪಯೋಜನೆ. ಇವನ್ನು ಬಾಯಿಪಾಠ ಮಾಡಲು ಕೂರಬೇಡಿ. ಒಂದು ತಿಂಗಳು ಖಜಾನೆ-2 ಎಂಬ ಆನ್‌ಲೈನ್ ಖಜಾನೆ ವ್ಯವಸ್ಥೆಯಲ್ಲಿ ಬಿಲ್ ಹಾಕುವಾಗ ಡ್ರಾಪ್‌ಡೌನ್‌ನಲ್ಲಿ ಬರುವುದನ್ನು ಒತ್ತುವ ಮುನ್ನ ಸಂಖ್ಯೆಯನ್ನು ಮನಸ್ಸಿನಲ್ಲೇ ಹೇಳಿಕೊಂಡರೆ ತಾನಾಗಿ ಕೂರುತ್ತದೆ.

ಮತದೇಯ ವೆಚ್ಚ, ಪ್ರಭೃತ ವೆಚ್ಚ ಎಂಬ ಭೇದಕ್ಕೆ 202(3)ನೇ ವಿಧಿ ಓದಿ. ರಾಜ್ಯಪಾಲರ ಉಪಲಬ್ಧಿ, ಸಭಾಧ್ಯಕ್ಷರ ಸಂಬಳ, ಸಾಲದ ಬಡ್ಡಿ, ನ್ಯಾಯಾಲಯದ ಡಿಕ್ರಿ ಮೊತ್ತ ಇವು ಪ್ರಭೃತ. ಇವುಗಳ ಮೇಲೆ ಚರ್ಚೆ ಮಾಡಬಹುದು, ಮತ ಹಾಕುವಂತಿಲ್ಲ. ಎಡವಿಸಲೆಂದೇ ಇಡುವ ಒಂದು ಪ್ರಶ್ನೆ ಇಲ್ಲಿದೆ: ಹೈಕೋರ್ಟ್ ನ್ಯಾಯಮೂರ್ತಿಗಳ ಸಂಬಳ ರಾಜ್ಯದ ಸಂಚಿತ ನಿಧಿಯ ಮೇಲೆ ಪ್ರಭೃತ, ಅವರ ಪಿಂಚಣಿ ಮಾತ್ರ ಭಾರತದ ಸಂಚಿತ ನಿಧಿಯ ಮೇಲೆ.

ಕೆಎಫ್‌ಸಿ, ಕೆಟಿಸಿ, ಸಾದಿಲ್ವಾರು: ಅರ್ಧ ಸಮಯ ಇಲ್ಲಿಗೇ ಇಡಿ

ಈ ಮೂರನ್ನೂ ಒಂದನೇ ಪುಟದಿಂದ ಕೊನೆಯವರೆಗೆ ಓದುತ್ತೇನೆಂದು ಹೊರಟವರು ಹೆಚ್ಚಿನವರು ನಲವತ್ತನೇ ಪುಟದಲ್ಲಿ ನಿದ್ದೆ ಹೋಗಿದ್ದಾರೆ. ಬಿಲ್ಲಿನಿಂದ ಹಿಂದಕ್ಕೆ ಓದಿ. ಒಂದು ಸಾದಿಲ್ವಾರು ಬಿಲ್ಲು ತೆಗೆದುಕೊಳ್ಳಿ. ಕುಷ್ಟಗಿಯ ಒಂದು ಹೈಸ್ಕೂಲಿಗೆ ಬೆಂಚು ಕೊಂಡದ್ದು ಎನ್ನಿ. ಕೇಳಬೇಕಾದ ಪ್ರಶ್ನೆಗಳು ಇವು. ಮಂಜೂರಾತಿ ಯಾರದು, ಅವರಿಗೆ ಆ ಮೊತ್ತದ ಅಧಿಕಾರ ಇದೆಯೇ? ಅನುದಾನ ಇದೆಯೇ? ದಾಸ್ತಾನು ವಹಿಯಲ್ಲಿ ಬೆಂಚು ನಮೂದಾಗಿದೆಯೇ? ವೋಚರಿನ ಮೇಲೆ ಪಾವತಿ ಆದೇಶವಿದೆಯೇ? ಕಡಿತಗಳು ಸರಿಯೇ? ಖಜಾನೆ ಯಾವ ನಿಯಮದಡಿ ಅದನ್ನು ಪರಿಶೀಲಿಸುತ್ತದೆ? ಪ್ರತಿ ಪ್ರಶ್ನೆಗೂ ಉತ್ತರ ಮೂರರಲ್ಲಿ ಒಂದು ಪುಸ್ತಕದಲ್ಲಿದೆ. ಆ ಕಂಡಿಕೆ ಹುಡುಕಿ ಅದರ ಸಂಖ್ಯೆಯನ್ನು ಬಿಲ್ಲಿನ ಝೆರಾಕ್ಸ್ ಮೇಲೆ ಬರೆಯಿರಿ. ಸಂಬಳ ಬಿಲ್ಲು, ಪ್ರಯಾಣ ಭತ್ಯೆ ಬಿಲ್ಲು, ಎಸಿ ಬಿಲ್ಲು (ವೋಚರು ಆಮೇಲೆ ಕೊಡುವ ಷರತ್ತಿನ ಮೇಲೆ ಮೊದಲೇ ಹಣ ತೆಗೆಯುವುದು), ಕಾಮಗಾರಿ ಬಿಲ್ಲು, ಠೇವಣಿ ವಾಪಸಾತಿ, ಜಿಪಿಎಫ್ ಮುಂಗಡ ಹೀಗೆ ಒಂದೊಂದು ಜಾತಿಯದೂ ಒಂದೊಂದು ಸಾಕು. ಗೈಡ್ ಪುಸ್ತಕದ ನೂರು ಪ್ರಶ್ನೆಗಿಂತ ಈ ಝೆರಾಕ್ಸ್ ಕಟ್ಟು ಹೆಚ್ಚು ಬೆಲೆಯದು.

ಖಜಾನೆಯಿಂದ ಆಕ್ಷೇಪಣೆಯೊಂದಿಗೆ ವಾಪಸಾದ ಬಿಲ್ಲುಗಳು ಇನ್ನೂ ಒಳ್ಳೆಯ ಗುರು. ಅವನ್ನು ಬೈದುಕೊಂಡು ಸರಿಪಡಿಸಿ ಕಳಿಸುವುದು ನಮ್ಮ ಅಭ್ಯಾಸ.

“ಏನ್ರೀ ಸರ, ಮತ್ತ ಯಾಕ ವಾಪಸ್ ಬಂತ್ರಿ ಇದು?”

“059ಕ್ಕ ಹಾಕೀರಲ್ರಿ ಮೇಡಂ, ಇದು 051ಕ್ಕ ಬರೂದು. ಅನುದಾನ ಅಲ್ಲಿ ಉಳದೈತಿ ಅಂತ ಅಲ್ಲಿಂದ ತೆಗಿಯಾಕ ಆಗೂದಿಲ್ಲ.”

ಈ ಎರಡು ಸಾಲಿನ ಮಾತಿನಲ್ಲಿ ವರ್ಗೀಕರಣ, ಅನುದಾನದ ಉದ್ದೇಶ, ಪುನರ್ವಿನಿಯೋಗ (ಒಂದು ಶೀರ್ಷಿಕೆಯ ಅನುದಾನವನ್ನು ಇನ್ನೊಂದಕ್ಕೆ ತಿರುಗಿಸುವುದು) ಎಂಬ ಮೂರು ಪಾಠಗಳಿವೆ. ಕಳೆದ ಒಂದು ವರ್ಷದ ಆಕ್ಷೇಪಣೆಗಳನ್ನು ಒಂದು ನೋಟ್‌ಬುಕ್ಕಿಗೆ ಇಳಿಸಿ, ಪಕ್ಕದಲ್ಲಿ ನಿಯಮ ಬರೆಯಿರಿ. ಮಹಾಲೇಖಪಾಲರ ತಂಡ ತಪಾಸಣೆಗೆ ಬಂದು ಕೊಟ್ಟ ವರದಿ, ಅಂದರೆ ಐಆರ್, ನಿಮ್ಮ ಕಚೇರಿಯ ಬೀರುವಿನಲ್ಲಿ ಇದ್ದೇ ಇರುತ್ತದೆ. ಅದರ ಪ್ರತಿ ಕಂಡಿಕೆಯಲ್ಲೂ ಯಾವ ನಿಯಮ ಮುರಿದಿದೆ ಎಂದು ಸಂಖ್ಯೆಸಹಿತ ಇರುತ್ತದೆ. ಅದನ್ನು ಉತ್ತರ ಕೊಡಲು ಮಾತ್ರ ತೆಗೆಯುವವರೇ ಜಾಸ್ತಿ, ಓದಲು ತೆಗೆಯುವವರು ಕಡಿಮೆ.

ಇನ್ನು ರೂಢಿಗೂ ನಿಯಮಕ್ಕೂ ಹೊಂದದ ಜಾಗಗಳು. ಪರೀಕ್ಷೆಯಲ್ಲಿ ಹಳಬರು ಬೀಳುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಸರ್ಕಾರದ ಪರವಾಗಿ ಬಂದ ಹಣ ಪೂರ್ತಿಯಾಗಿ, ತಡವಿಲ್ಲದೆ ಖಜಾನೆಗೆ ಹೋಗಬೇಕು. ನಿಯಮದಲ್ಲಿ ಸ್ಪಷ್ಟವಾಗಿ ಅನುಮತಿ ಇದ್ದ ಕಡೆ ಬಿಟ್ಟು, ಅದರಿಂದಲೇ ಇಲಾಖೆಯ ಖರ್ಚು ಮಾಡುವಂತಿಲ್ಲ. ಹಳೆ ಪೇಪರ್ ಮಾರಿದ ದುಡ್ಡಿನಲ್ಲಿ ಕಚೇರಿಗೆ ಚಹಾ ತರಿಸುವುದು ಸಣ್ಣ ಸಂಗತಿ ಎನಿಸಬಹುದು, ಪ್ರಶ್ನೆಪತ್ರಿಕೆಗೆ ಅದು ಸಣ್ಣದಲ್ಲ.

ತಕ್ಷಣದ ಪಾವತಿಗೆ ಬೇಕಿಲ್ಲದ ಹಣವನ್ನು ಖಜಾನೆಯಿಂದ ಸೆಳೆಯಬಾರದು. ಮಾರ್ಚ್ 31ರ ರಾತ್ರಿ ಅನುದಾನ ಲ್ಯಾಪ್ಸ್ ಆಗುತ್ತದೆಂದು ತೆಗೆದು ಬ್ಯಾಂಕ್ ಖಾತೆಯಲ್ಲಿ ಇಟ್ಟುಕೊಂಡದ್ದನ್ನು ‘ಸಮಯಪ್ರಜ್ಞೆ’ ಎಂದು ಹೊಗಳುವ ಅಧಿಕಾರಿಗಳನ್ನು ಎಲ್ಲ ಇಲಾಖೆಗಳಲ್ಲೂ ನೋಡಬಹುದು. ಕೋಡ್ ಪ್ರಕಾರ ಅದು ಗಂಭೀರ ಲೋಪ. ಸರಿಯಾದ ಕ್ರಮ, ಉಳಿಕೆಯನ್ನು ಮೊದಲೇ ಅಂದಾಜು ಮಾಡಿ ವರ್ಷ ಮುಗಿಯುವ ಮುನ್ನ ಅಧ್ಯರ್ಪಣೆ ಮಾಡುವುದು, ಅಂದರೆ ಸರ್ಕಾರಕ್ಕೆ ಬಿಟ್ಟುಕೊಡುವುದು.

ಮಂಜೂರಾತಿ ಇದ್ದಮಾತ್ರಕ್ಕೆ ಖರ್ಚು ಮಾಡಬಹುದೆಂದಲ್ಲ. ಸಕ್ಷಮ ಪ್ರಾಧಿಕಾರದ ಮಂಜೂರಾತಿ, ಆ ಉದ್ದೇಶಕ್ಕೆ ಅನುದಾನ ಎರಡೂ ಬೇಕು. ಒಂದು ಇದ್ದು ಇನ್ನೊಂದು ಇಲ್ಲದ ಸಂದರ್ಭವನ್ನೇ ಪ್ರಶ್ನೆಯಾಗಿ ತಿರುಗಿಸಿ ಕೊಡುವುದುಂಟು. ಮಂಜೂರಾತಿಯ ಮಿತಿಯೊಳಗೆ ತರಲು ಖರೀದಿಯನ್ನು ಒಡೆದು ಎರಡು ಮಾಡುವುದೂ ನಿಷಿದ್ಧ.

ನಗದು ಪುಸ್ತಕ ವಾರಕ್ಕೊಮ್ಮೆ ಕೂತು ಬರೆಯುವ ಪುಸ್ತಕವಲ್ಲ. ವ್ಯವಹಾರ ನಡೆದ ಕೂಡಲೇ ನಮೂದು, ಪ್ರತಿ ನಮೂದಿಗೂ ಕಚೇರಿ ಮುಖ್ಯಸ್ಥರ ದೃಢೀಕರಣ, ಬರೆದವರಲ್ಲದೆ ಬೇರೊಬ್ಬರಿಂದ ಮೊತ್ತದ ತಾಳೆ, ತಿಂಗಳ ಕೊನೆಗೆ ಕೈಯಲ್ಲಿರುವ ನಗದಿನ ಭೌತಿಕ ಎಣಿಕೆ. ತಪ್ಪಾದರೆ ಅಳಿಸುವಂತಿಲ್ಲ, ವೈಟ್ನರ್ ಹಚ್ಚುವಂತಿಲ್ಲ. ಹೊಡೆದುಹಾಕಿ, ಸರಿಯಾದದ್ದನ್ನು ಕೆಂಪು ಶಾಯಿಯಲ್ಲಿ ಬರೆದು ಸಹಿ.

ಎಸಿ ಬಿಲ್ಲಿನಲ್ಲಿ ಹಣ ತೆಗೆದು ಮರೆತುಬಿಡುವುದು ನಮ್ಮ ರಾಜ್ಯದ ಹಳೆಯ ಕಾಯಿಲೆ, ಸಿಎಜಿ ವರದಿಗಳಲ್ಲಿ ವರ್ಷವರ್ಷ ಇದರ ಪ್ರಸ್ತಾಪ ಇರುತ್ತದೆ. ಸಾದಿಲ್ವಾರು ವೆಚ್ಚ ಕೈಪಿಡಿಯ 36 ಮತ್ತು 37ನೇ ನಿಯಮಗಳು ಇದಕ್ಕೆ ಸಂಬಂಧಿಸಿದವು. ವೋಚರುಗಳೊಂದಿಗೆ ಎನ್‌ಡಿಸಿ ಬಿಲ್ಲು (ಖರ್ಚಿನ ವಿವರ ಕೊಡುವ ಬಿಲ್ಲು) ಮುಂದಿನ ತಿಂಗಳ 15ರೊಳಗೆ ಸಲ್ಲಿಕೆಯಾಗಬೇಕು. ‘ಕಾರ್ಯಕ್ರಮ ಮುಗಿದ ಮೇಲೆ’ ಎಂಬ ಆಯ್ಕೆ ಪತ್ರಿಕೆಯಲ್ಲಿ ಕಂಡರೆ ಅದು ಬಲೆ.

ಖಾಯಂ ಮುಂಗಡದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಕಚೇರಿಯ ಸಣ್ಣ ತುರ್ತು ಖರ್ಚಿಗೆ ಇಟ್ಟ ಹಣ, ವೋಚರು ಇಟ್ಟು ಭರ್ತಿ ಮಾಡಿಕೊಳ್ಳುವುದು, ಅಧಿಕಾರಿ ಬದಲಾದಾಗ ಹೊಸಬರ ಸ್ವೀಕೃತಿ ಬೇಕು. ಇಷ್ಟು ತಿಳಿದಿದ್ದರೆ ಸಾಕು.

ಆಯವ್ಯಯ

ಕ್ರಮ ಇಷ್ಟು: 202 ವಾರ್ಷಿಕ ಆಯವ್ಯಯ ಪತ್ರ, 203 ಅನುದಾನ ಬೇಡಿಕೆ, 204 ಧನವಿನಿಯೋಗ, 205 ಪೂರಕ ಮತ್ತು ಅಧಿಕ ಅನುದಾನ, 206 ಲೇಖಾನುದಾನ. ಈ ಐದು ವಿಧಿಗಳನ್ನು ಮೂಲದಲ್ಲೇ ಓದಿ. ಒಂದು ಸಂಜೆಯ ಕೆಲಸ. ಪುನರ್ವಿನಿಯೋಗದ ಅಡ್ಡಗೋಡೆಗಳನ್ನು ಮಾತ್ರ ಗಟ್ಟಿ ಮಾಡಿಕೊಳ್ಳಿ: ಒಂದು ಬೇಡಿಕೆಯಿಂದ ಇನ್ನೊಂದಕ್ಕೆ ಇಲ್ಲ, ಮತದೇಯದಿಂದ ಪ್ರಭೃತಕ್ಕೆ ಇಲ್ಲ, ಬಂಡವಾಳದಿಂದ ರಾಜಸ್ವಕ್ಕೆ ಇಲ್ಲ, ಹಣಕಾಸು ವರ್ಷ ಮುಗಿದ ಮೇಲೆ ಇಲ್ಲವೇ ಇಲ್ಲ. ವರ್ಷ ಮುಗಿದ ನಂತರ ಸಿದ್ಧವಾಗುವ ಧನವಿನಿಯೋಗ ಲೆಕ್ಕಗಳಿಗೂ ಹಣಕಾಸು ಲೆಕ್ಕಗಳಿಗೂ ಏನು ವ್ಯತ್ಯಾಸ, ಅವು 151ನೇ ವಿಧಿಯ ಪ್ರಕಾರ ಯಾರ ಮೂಲಕ ಸದನಕ್ಕೆ ಹೋಗುತ್ತವೆ ಎಂಬುದನ್ನೂ ನೋಡಿಕೊಳ್ಳಿ. ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನು ದೇಶದಲ್ಲಿ ಮೊದಲು ತಂದ ರಾಜ್ಯ ಕರ್ನಾಟಕ, 2002ರಲ್ಲಿ.

ನಮ್ಮ ಭಾಗದವರಿಗೆ ಇನ್ನೊಂದು ಅಭ್ಯಾಸ ಸೂಚಿಸುತ್ತೇನೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಲ್ಲಿ ನಡೆದ ಒಂದು ಕಾಮಗಾರಿಯ ಕಡತ ಸಿಕ್ಕರೆ, ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ವಿಧಿಯಿಂದ ಶುರುಮಾಡಿ, ರಾಜ್ಯದ ಆಯವ್ಯಯದಲ್ಲಿ ಮಂಡಳಿಗೆ ಹಂಚಿಕೆ, ಮಂಡಳಿಯಿಂದ ಜಿಲ್ಲೆಗೆ, ಜಿಲ್ಲೆಯಿಂದ ಅನುಷ್ಠಾನ ಸಂಸ್ಥೆಗೆ, ಕೊನೆಗೆ ಹಣ ಬಳಕೆ ಪ್ರಮಾಣಪತ್ರದವರೆಗೆ ರೂಪಾಯಿಯ ದಾರಿಯನ್ನು ಗುರುತಿಸಿ. ಆಯವ್ಯಯ ಕೈಪಿಡಿಯ ಒಣ ಕಂಡಿಕೆಗಳಿಗೆ ಆಮೇಲೆ ಜೀವ ಬರುತ್ತದೆ.

ಕೆಸಿಎಸ್‌ಆರ್

ಇದು ದೊಡ್ಡ ಪುಸ್ತಕ, ಆದರೆ ಎಲ್ಲರಿಗೂ ಆಸಕ್ತಿ ಇರುವ ಪುಸ್ತಕ. ನಮ್ಮ ಸಂಬಳ, ನಮ್ಮ ರಜೆ, ನಮ್ಮ ಪಿಂಚಣಿಯ ವಿಷಯ ತಾನೇ. ಪ್ರಶ್ನೆ ಬರುವುದು ಬಹುಪಾಲು ಲೆಕ್ಕದ ರೂಪದಲ್ಲಿ. ಗಳಿಕೆ ರಜೆ ಜನವರಿ 1 ಮತ್ತು ಜುಲೈ 1ರಂದು 15 ದಿನದಂತೆ ವರ್ಷಕ್ಕೆ 30 ದಿನ ಜಮೆ, ಸಂಗ್ರಹದ ಮಿತಿ 300. ಅರ್ಧ ವೇತನ ರಜೆ ವರ್ಷಕ್ಕೆ 20. ಪರಿವರ್ತಿತ ರಜೆ (ಅರ್ಧ ವೇತನ ರಜೆಯನ್ನು ಪೂರ್ಣ ವೇತನಕ್ಕೆ ಬದಲಿಸಿಕೊಂಡದ್ದು) 12 ದಿನ ಪಡೆದರೆ ಅರ್ಧ ವೇತನ ರಜೆ ಖಾತೆಯಿಂದ ಹೋಗುವುದು 24. ನಿವೃತ್ತಿ 60 ತುಂಬಿದ ತಿಂಗಳ ಕೊನೆಯ ದಿನ. 1966ರ ಜೂನ್ 15ರಂದು ಹುಟ್ಟಿದವರು 2026ರ ಜೂನ್ 30ಕ್ಕೆ ನಿವೃತ್ತರಾಗುತ್ತಾರೆ, ಅದೇ ಜೂನ್ 1ರಂದು ಹುಟ್ಟಿದವರು ಮೇ 31ಕ್ಕೇ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ಜೂನ್ 1 ಎಷ್ಟು ಜನರ ಒಂದು ತಿಂಗಳ ಸಂಬಳ ಕಳೆದಿದೆಯೋ! 2006ರ ಏಪ್ರಿಲ್ 1 ಮತ್ತು ನಂತರ ಸೇರಿದವರಿಗೆ ಎನ್‌ಪಿಎಸ್, ಅದಕ್ಕಿಂತ ಮುಂಚಿನವರಿಗೆ ಹಳೆ ಪಿಂಚಣಿ. ಓದುವಾಗ ಎರಡನ್ನೂ ಬೆರೆಸಬೇಡಿ.

ಅಭ್ಯಾಸಕ್ಕೆ ನಿಮ್ಮದೇ ಸೇವಾ ಪುಸ್ತಕ ತೆಗೆದು, ಸೇರಿದ ದಿನದಿಂದ ಇಂದಿನವರೆಗೆ ರಜೆ ಖಾತೆಯನ್ನು ಹೊಸದಾಗಿ ಕಟ್ಟಿ. ಬಹುತೇಕರಿಗೆ ಎಲ್ಲೋ ಒಂದು ಕಡೆ ತಾಳೆಯಾಗುವುದಿಲ್ಲ. ಯಾಕೆಂದು ಹುಡುಕುವಷ್ಟರಲ್ಲಿ ರಜೆಯ ಅಧ್ಯಾಯ ಮುಗಿದಿರುತ್ತದೆ. ವೇತನ ನಿಗದಿಗೆ 2024ರ ಆಗಸ್ಟ್ 1ರಿಂದ ಜಾರಿಯಾದ ಏಳನೇ ವೇತನ ಆಯೋಗದ ಶ್ರೇಣಿಯಲ್ಲಿ ನಿಮ್ಮ ವೇತನ ಹೇಗೆ ನಿಗದಿಯಾಯಿತೋ ಅದೇ ಹಾಳೆ ಮಾದರಿ.

ಕೆಟಿಪಿಪಿ

ಬೇಗ ಮುಗಿಯುವ ಭಾಗ. ಅಧಿನಿಯಮ 1999ರದು, ನಿಯಮಗಳು 2000ದವು. 4ನೇ ಪ್ರಕರಣದ ವಿನಾಯಿತಿಗಳನ್ನು ಖಂಡಖಂಡವಾಗಿ ಓದಿ. ಎಲ್ಲರ ಬಾಯಲ್ಲಿರುವ ‘ನಾಲ್ಕು ಜಿ’ ಸರ್ಕಾರವೇ ಅಧಿಸೂಚನೆ ಹೊರಡಿಸಿ ಕೊಡುವ ವಿನಾಯಿತಿ, ಕಚೇರಿ ಮುಖ್ಯಸ್ಥರು ಕೊಡುವಂಥದ್ದಲ್ಲ. ಟೆಂಡರ್ ಆಹ್ವಾನಿಸುವ ಪ್ರಾಧಿಕಾರ, ಅಂಗೀಕರಿಸುವ ಪ್ರಾಧಿಕಾರ, ಪರಿಶೀಲನಾ ಸಮಿತಿ ಇವರ ಕೆಲಸ ಬೇರೆಬೇರೆ. ಮೇಲ್ಮನವಿ 16ನೇ ಪ್ರಕರಣ. ಜಿಲ್ಲೆಯ ಒಂದು ಟೆಂಡರಿನ ಪ್ರಕಟಣೆಯನ್ನು ರಾಜ್ಯದ ಟೆಂಡರ್ ಜಾಲತಾಣವಾದ ಕೆಪಿಪಿಪಿ ಪೋರ್ಟಲ್‌ನಿಂದ ತೆಗೆದು ಓದಿದರೆ ಇಡೀ ನಿಯಮಾವಳಿ ಕಣ್ಣಮುಂದೆ ಬರುತ್ತದೆ. ಕಾಮಗಾರಿ ಬಿಲ್ಲಿನ ಕಡಿತಗಳನ್ನೂ ಇಲ್ಲೇ ಸೇರಿಸಿಕೊಳ್ಳಿ: ಎರಡೂವರೆ ಲಕ್ಷ ಮೀರಿದ ಗುತ್ತಿಗೆಗೆ ಶೇ. 2 ಜಿಎಸ್‌ಟಿ ಟಿಡಿಎಸ್, ಕಟ್ಟಡ ಕಾರ್ಮಿಕರ ಕಲ್ಯಾಣ ಉಪಕರ ಶೇ. 1.

ಓದಿನ ವೇಳೆ

ಬಳ್ಳಾರಿ, ರಾಯಚೂರಿನಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಎಂಬ ತಮಾಷೆ ಓದುವವರಿಗೆ ತಮಾಷೆಯಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕಚೇರಿಯಿಂದ ಬಂದು ಸಂಜೆ ಪುಸ್ತಕ ಹಿಡಿದರೆ ಏನೂ ತಲೆಗೆ ಹೋಗದು. ಬೆಳಿಗ್ಗೆ ಐದರಿಂದ ಏಳರವರೆಗೆ ಸಂಹಿತೆ, ಮಧ್ಯಾಹ್ನ ಊಟದ ಬಿಡುವಿನಲ್ಲಿ ಒಂದು ಬಿಲ್ಲಿನ ಒಂದು ನಿಯಮ. ಭಾನುವಾರ ಹಳೆ ಪ್ರಶ್ನೆಪತ್ರಿಕೆ. ಮನೆಯಲ್ಲಿ ಆಗದಿದ್ದರೆ ಜಿಲ್ಲಾ ಕೇಂದ್ರ ಗ್ರಂಥಾಲಯ ಇದೆ.

ಹನ್ನೆರಡು ವಾರ ಸಿಕ್ಕರೆ ಮೊದಲ ಎರಡು ವಾರ ಸರ್ಕಾರದ ಹಣದ ಮೂರು ಭಾಗ ಮತ್ತು ಲೆಕ್ಕಶೀರ್ಷಿಕೆಗೆ, ನಂತರದ ಆರು ಕೆಎಫ್‌ಸಿ, ಕೆಟಿಸಿ, ಸಾದಿಲ್ವಾರಿಗೆ, ಎರಡು ಕೆಸಿಎಸ್‌ಆರ್‌ಗೆ, ಒಂದರಲ್ಲಿ ಆಯವ್ಯಯ ಮತ್ತು ಕೆಟಿಪಿಪಿ. ಕೊನೆಯ ವಾರ ಹೊಸದೇನನ್ನೂ ತೆರೆಯಬೇಡಿ, ಆಕ್ಷೇಪಣೆಯ ನೋಟ್‌ಬುಕ್ಕು ಮತ್ತು ಝೆರಾಕ್ಸ್ ಕಟ್ಟು ಮಾತ್ರ. ಮಾರ್ಚ್ ತಿಂಗಳು ನಡುವೆ ಬಂದರೆ ಆ ತಿಂಗಳನ್ನು ಲೆಕ್ಕಕ್ಕೇ ಹಿಡಿಯಬೇಡಿ.

ಇಬ್ಬರು ಮೂವರು ಸೇರಿ ಓದುವುದು ಒಳ್ಳೆಯದು, ಬೇರೆ ಬೇರೆ ಇಲಾಖೆಯವರಾಗಿದ್ದರೆ ಇನ್ನೂ ಒಳ್ಳೆಯದು. ಲೋಕೋಪಯೋಗಿಯವರಿಗೆ ಕಾಮಗಾರಿ ಲೆಕ್ಕ ನೀರು ಕುಡಿದಷ್ಟು ಸುಲಭ, ಶಿಕ್ಷಣ ಇಲಾಖೆಯವರಿಗೆ ವೇತನ ನಿಗದಿ, ಖಜಾನೆಯವರಿಗೆ ಕೆಟಿಸಿ. ಮಂಡಕ್ಕಿ ಒಗ್ಗರಣೆ, ಮಿರ್ಚಿ ಮುಂದಿಟ್ಟುಕೊಂಡು ಒಬ್ಬರು ಪ್ರಶ್ನೆ ಕೇಳಿ ಇನ್ನೊಬ್ಬರು ಕೋಡ್‌ನಲ್ಲಿ ಪುಟ ತೋರಿಸಬೇಕು. ಷರತ್ತು ಒಂದೇ: “ನಮ್ಮ ಕಚೇರಿಯಾಗ ಹಿಂಗ ಮಾಡ್ತೇವ್ರಿ” ಎಂಬುದು ಉತ್ತರವಲ್ಲ.

ಪರೀಕ್ಷೆಗೆ ಹೋಗುವಾಗ, ಬಂದ ಮೇಲೆ

ಅರ್ಜಿ ತುಂಬುವಾಗ ಕೆಜಿಐಡಿ ಸಂಖ್ಯೆ, ನೇಮಕಾತಿ ಆದೇಶದ ದಿನಾಂಕ, ಭಾವಚಿತ್ರ ಕೈಗೆ ಸಿಗುವಂತಿರಲಿ. ವಿಷಯ ಸಂಕೇತ ತಪ್ಪಿದರೆ ಬೇರೆಯೇ ಪತ್ರಿಕೆ ಬರೆಯಬೇಕಾದೀತು. ಕೊನೆಯ ದಿನದ ರಾತ್ರಿ ಸರ್ವರ್ ಜೊತೆ ಗುದ್ದಾಡಬೇಡಿ. ಕೇಂದ್ರ ದೂರದ್ದಾದರೆ ರೈಲು ನೋಡಿಟ್ಟುಕೊಳ್ಳಿ. ರಾಯಚೂರಿನಿಂದ ಕಲಬುರಗಿಗೆ ವಾಡಿ ಮೇಲೆ ನೇರ ದಾರಿ ಇದೆ. ಕೊಪ್ಪಳ, ಬಳ್ಳಾರಿಯಿಂದ ಬೆಂಗಳೂರಿಗಾದರೆ ಗುಂತಕಲ್ ಮೇಲೆ ಹೋಗುವ ಹಂಪಿ ಎಕ್ಸ್‌ಪ್ರೆಸ್ ರಾತ್ರಿ ಪ್ರಯಾಣಕ್ಕೆ ಅನುಕೂಲ. ಸಾಂದರ್ಭಿಕ ರಜೆ ಬರೆಯುವ ಮುನ್ನ ಕೆಸಿಎಸ್‌ಆರ್‌ನಲ್ಲಿ ‘ಕರ್ತವ್ಯ’ ಎಂಬುದರ ವ್ಯಾಖ್ಯೆ ತೆಗೆದು, ಕಡ್ಡಾಯ ಇಲಾಖಾ ಪರೀಕ್ಷೆಯ ದಿನದ ಬಗ್ಗೆ ಏನಿದೆ ಎಂದು ಓದಿ.

ಪತ್ರಿಕೆ ಕೈಗೆ ಬಂದಾಗ ‘ಯಾವುದು ಸರಿಯಲ್ಲ’ ಎಂಬ ಪ್ರಶ್ನೆಗಳಿಗೆ ಮೊದಲೇ ಗುರುತು ಹಾಕಿ, ಅಲ್ಲಿ ಆತುರಕ್ಕೆ ಹೋಗುವ ಅಂಕ ಬಹಳ. ಕನ್ನಡ ಪಾಠದಲ್ಲಿ ಗೊಂದಲವಾದರೆ ಇಂಗ್ಲಿಷ್ ಪಾಠ ಕೊಟ್ಟಿದ್ದರೆ ಅದನ್ನೂ ಓದಿ, ಸಂಹಿತೆಗಳ ಪರಿಭಾಷೆ ಎಲ್ಲ ಕಡೆ ಒಂದೇ ರೀತಿ ಅನುವಾದವಾಗಿರುವುದಿಲ್ಲ. ಎರಡು ಉತ್ತರಗಳ ನಡುವೆ ತೂಗಾಡುತ್ತಿದ್ದರೆ, ನಿಮ್ಮ ಕಚೇರಿಗೆ ಅನುಕೂಲವಾಗಿ ಕಾಣುವುದನ್ನು ಬಿಟ್ಟು ಸರ್ಕಾರದ ಹಣಕ್ಕೆ ಹೆಚ್ಚು ಕಟ್ಟುನಿಟ್ಟಾದದ್ದನ್ನು ಆರಿಸಿ. ಸಂಹಿತೆ ಬರೆದವರ ಮನಸ್ಸು ಸಾಮಾನ್ಯವಾಗಿ ಆ ಕಡೆಗೇ ಇರುತ್ತದೆ.

ಫಲಿತಾಂಶ ಬಂದ ಮೇಲೆ ಸಿಹಿ ಹಂಚಿ ಸುಮ್ಮನಾಗಬೇಡಿ. ಆಯೋಗದ ಫಲಿತಾಂಶ ಅಧಿಸೂಚನೆಯ ಸಂಖ್ಯೆ, ದಿನಾಂಕ, ವಿಷಯ, ನೋಂದಣಿ ಸಂಖ್ಯೆ ಬರೆದು ಕಚೇರಿ ಮುಖ್ಯಸ್ಥರಿಗೆ ಮನವಿ ಕೊಟ್ಟು, ಸೇವಾ ಪುಸ್ತಕದಲ್ಲಿ ನಮೂದು ಮಾಡಿಸಿ, ಅದರ ಕೆಳಗೆ ಅವರ ಸಹಿ ಮತ್ತು ಮೊಹರು ಬಿದ್ದಿದೆಯೇ ಎಂದು ಕಣ್ಣಾರೆ ನೋಡಿ ಆ ಪುಟದ ಪ್ರತಿ ಇಟ್ಟುಕೊಳ್ಳಿ. ವರ್ಗಾವಣೆಯಾಗುವ ಮುನ್ನವೇ ಈ ಕೆಲಸ ಆಗಲಿ. ಪದೋನ್ನತಿ ಸಮಿತಿಯ ಮುಂದೆ ಹೋಗುವ ಪಟ್ಟಿಯನ್ನು ತಯಾರಿಸುವ ಗುಮಾಸ್ತರು ನೋಡುವುದು ಸೇವಾ ಪುಸ್ತಕದ ಆ ನಮೂದನ್ನು.